ಏಡಿ ನೋಡಲು ಹೋಗ್ತೀರಾ? ಕೈಗಡಿಯಾರ ನಂಬಬೇಡಿ

ಕೆಸರು ದಂಡೆಯಲ್ಲಿ ಫಿಡ್ಲರ್ ಏಡಿಗಳನ್ನು ನೋಡಲು ಹೊರಟಿರುವವರಿಗೆ ಮೊದಲೇ ಒಂದು ಮಾತು. ಇನ್ನೊಬ್ಬರು ಹೋಗಿ ಬಂದ ಗಂಟೆ ಕೇಳಿಕೊಂಡು ಹೋಗಬೇಡಿ. ನಾನು ಹಾಗೇ ಹೋಗಿ ಕೆಟ್ಟೆ.

ಗೆಳೆಯ ಹೋಗಿದ್ದು ಹುಣ್ಣಿಮೆಯ ಮಾರನೇ ದಿನ, ಶನಿವಾರ ಬೆಳಿಗ್ಗೆ 8ಕ್ಕೆ. ದಂಡೆ ತುಂಬಾ ಏಡಿ ಕಂಡನಂತೆ. ನಾನು ಮುಂದಿನ ಶುಕ್ರವಾರ ಅದೇ 8ಕ್ಕೆ ಹೋದೆ. "ದಿನಾ ಎಂಟಕ್ಕೇ ತೋರಿಸೋದು ಸಾರ್" ಅಂತ ಗೈಡ್ ಮೊದಲೇ ದುಡ್ಡು ಇಸ್ಕೊಂಡಿದ್ದ. ಹೋಗಿ ನೋಡಿದರೆ ಗೆಳೆಯನ ಫೋಟೋದಲ್ಲಿದ್ದ ಕೆಸರಿನ ಜಾಗದಲ್ಲಿ ಬರೀ ನೀರು. ಒಂದೂವರೆ ಗಂಟೆ ಕಾಯಿಸಿ, "ಇವತ್ತು ಏಡಿಗೆ ರಜೆ" ಅಂತ ನಕ್ಕು ಹೊರಟೇಬಿಟ್ಟ.

ರಜೆಯೂ ಇಲ್ಲ, ಗಿಜೆಯೂ ಇಲ್ಲ. ಈ ಏಡಿಗಳು ಬಿಲದಿಂದ ಹೊರಬರುವುದು ಕಡಲ ನೀರು ಇಳಿದಾಗ, ಅಂದರೆ ಇಳಿತದ ಹೊತ್ತಿಗೆ. ಸಾಮಾನ್ಯವಾಗಿ ಒಂದು ಇಳಿತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆರು ದಿನಕ್ಕೆ ಐದು ಗಂಟೆ! ಗೆಳೆಯನ 8 ಗಂಟೆ ನನ್ನ ಪಾಲಿಗೆ ಮಧ್ಯಾಹ್ನ 1 ಆಗಿತ್ತು. ಸಾಲದ್ದಕ್ಕೆ ಅವತ್ತು ಅಷ್ಟಮಿ ಆಸುಪಾಸು, ನೀರು ಜಾಸ್ತಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅವನ 8 ಗಂಟೆಯೇ ಬೇಕಿದ್ದರೆ ಹದಿನೈದು ದಿನ ಬಿಟ್ಟು ಅಮಾವಾಸ್ಯೆಗೆ ಹೋಗಬೇಕಿತ್ತು. ಆಗ ಇಳಿತ ಹೆಚ್ಚುಕಮ್ಮಿ ಅದೇ ಹೊತ್ತಿಗೆ ತಿರುಗಿ ಬರುತ್ತದೆ.

ಗೈಡ್ ಹೋದದ್ದೇ ಒಳ್ಳೆಯದಾಯಿತು. ದಂಡೆಗೆ ಇಳಿಯುವ ಹಳೇ ಕಲ್ಲಿನ ಮೆಟ್ಟಿಲಿತ್ತು. ಪುಕ್ಕಟೆ ಜಾಗ, ಮೇಲೆ ಮರದ ನೆರಳು, ಕೆಳಗೆ ಮೂರು ಮಾರು ದೂರದಲ್ಲಿ ಕೆಸರು. ದುಡ್ಡು ಕೊಟ್ಟು ಹತ್ತುವ ವೀಕ್ಷಣೆ ಕಟ್ಟೆಗಿಂತ ಈ ಮೆಟ್ಟಿಲೇ ವಾಸಿ. ಆ ಕಟ್ಟೆ ಮೇಲೆ ಜನ ಜಾಸ್ತಿ, ಒಬ್ಬರು ಕೈ ಬೀಸಿದರೂ ಏಡಿಗಳೆಲ್ಲ ಬಿಲದೊಳಗೆ. ನನಗೆ ಮೊದಲೇ ಗದ್ದಲ ಆಗಲ್ಲ. ಹತ್ತು ನಿಮಿಷ ಅಲುಗಾಡದೆ ಕೂತರೆ ಅವು ನಿಮ್ಮನ್ನು ಮರೆತುಬಿಡುತ್ತವೆ.

ಹನ್ನೊಂದೂವರೆ ಹೊತ್ತಿಗೆ ಒಂದೊಂದೇ ಹೊರಬಂದವು. ಗಂಡಿಗೆ ಒಂದು ಕೊಂಬು, ಅಂದರೆ ಇಕ್ಕಳದಂಥ ಕೈ, ದೊಡ್ಡದು, ಬೀಸಿ ಬೀಸಿ ತೋರಿಸುವುದಕ್ಕೆ, ಕಾದಾಡುವುದಕ್ಕೆ ಇದೆ, ಊಟಕ್ಕೆ ಬಾರದು. ಚಿಕ್ಕ ಕೊಂಬಿನಿಂದ ಕೆಸರು ಬಾಯಿಗಿಟ್ಟು, ತಿನ್ನುವುದನ್ನು ಸೋಸಿಕೊಂಡು, ಉಳಿದದ್ದನ್ನು ಕಾಳಿನಷ್ಟು ಉಂಡೆ ಮಾಡಿ ಬಿಡುತ್ತದೆ. ಮೂರು ಗಂಟೆ ದಾಟಿತು. ನೀರು ಇನ್ನೂ ಮಾರು ದೂರ ಇರುವಾಗಲೇ ಒಂದು ಏಡಿ ಕೆಸರಿನ ಮುದ್ದೆ ಹಿಡಿದು ಬಿಲಕ್ಕೆ ಇಳಿಯಿತು. ಮುಚ್ಚಳ ಎಳೆದುಕೊಂಡ ಹಾಗೆ ಬಾಯಿ ಮುಚ್ಚಿತು. ನಾನು ಬೆಪ್ಪಾದೆ.

ಇಷ್ಟು ನೋಡಿ ಏಡಿಯೊಳಗೆ ಗಡಿಯಾರ ಇದೆ ಅನ್ನಲಾಗದು, ಅಲ್ವಾ? ತಳದಿಂದ ಜಿನುಗುವ ನೀರೂ ಸುಳಿವು ಕೊಟ್ಟಿರಬಹುದು. ಆದರೆ ಉಬ್ಬರ-ಇಳಿತವೇ ಇಲ್ಲದ ಪ್ರಯೋಗಾಲಯದಲ್ಲಿ, ಬೆಳಕು ಬದಲಿಸದೆ ಇಟ್ಟರೂ ಇವು ಕೆಲವು ದಿನ ಸುಮಾರು 12.4 ಗಂಟೆಗೊಮ್ಮೆ ಓಡಾಡುತ್ತವೆ. ಮೈಬಣ್ಣ ಮಾತ್ರ ಹಗಲು ಕಪ್ಪಗೆ, ರಾತ್ರಿ ತಿಳಿ. ಅದು 24 ಗಂಟೆಯ ಲೆಕ್ಕ. ಯುರಿಡೈಸ್ ಪಲ್ಕ್ರಾ ಎಂಬ ಪುಟಾಣಿ ದಂಡೆಜೀವಿಯಲ್ಲಿ ವಿಜ್ಞಾನಿಗಳು ಹಗಲು-ರಾತ್ರಿಯ ಗಡಿಯಾರವನ್ನು ಕೆಡಿಸಿ ನೋಡಿದರು. 2013ರಲ್ಲಿ ಬಂದ ವರದಿ ಅದು. ಬಣ್ಣದ ಲಯ ಕೆಟ್ಟಿತು, ಈಜುವ ಲಯ ಉಬ್ಬರಕ್ಕೆ ತಕ್ಕಂತೆ ಹಾಗೇ ಉಳಿಯಿತು. ಒಂದೇ ಮೈಯಲ್ಲಿ ಎರಡು ಗಡಿಯಾರ! ಉಬ್ಬರದ ಗಡಿಯಾರಕ್ಕೆ ಕೀ ಕೊಡುವುದು ಚಂದ್ರನನ್ನು ನೋಡಿ ಅಲ್ಲ. ನೀರಿನ ಅಲುಗಾಟ, ಒತ್ತಡ, ತಂಪು, ಇವು ಆಯಾ ದಂಡೆಯ ಹೊತ್ತನ್ನು ಹೊಂದಿಸುತ್ತವೆ. ಅದಕ್ಕೇ ಪಕ್ಕದ ಅಳಿವೆಯ ಸಮಯ ಇಲ್ಲಿ ನಡೆಯಲ್ಲ.



ನೀವು ಹೋಗುವ ದಂಡೆಯ ಉಬ್ಬರ ಪಟ್ಟಿಯನ್ನೇ ನೋಡಿ. ಇಳಿತಕ್ಕೆ ಎರಡು ಗಂಟೆ ಮೊದಲೇ ಕೂತುಬಿಡಿ. ಹಗಲಿನ ಇಳಿತವನ್ನೇ ಆರಿಸಿ. ಗೈಡ್‌ಗೆ ದುಡ್ಡು ಕೊಡುವ ಮೊದಲು "ನಾಳೆ ಇಳಿತ ಎಷ್ಟಕ್ಕೆ?" ಅಂತ ಕೇಳಿ. ತಡವರಿಸಿದರೆ ಸುಮ್ನೆ ಎದ್ದು ಬನ್ನಿ. ಏಡಿ ಬಾಗಿಲು ಹಾಕಲು ಶುರು ಮಾಡಿದರೆ ನೀವೂ ಮೇಲೆ ಬನ್ನಿ. ಚಪ್ಪಲಿ ಹಾಕಿಕೊಂಡು ಕೆಸರಿಗೆ ಇಳಿಯಬೇಡಿ. ನನ್ನದೊಂದು ಇನ್ನೂ ಅಲ್ಲೇ ಇದೆ.