ಮೊದಲ ಹತ್ತು ಹಾರಾಟಗಳಿಗಾಗಿ ಒಂದು ಮರುಭೂಮಿ

ಲಾಸ್ ವೇಗಸ್ ಬುಲೆವಾರ್ಡ್ ರಸ್ತೆಯು ಊರಿನ ಗದ್ದಲವನ್ನು ಬಿಟ್ಟು ಈಶಾನ್ಯಕ್ಕೆ ಸಾಗುವಲ್ಲಿ ನೆಲ್ಲಿಸ್ ವಾಯುನೆಲೆಯ ಬೇಲಿ ಆರಂಭವಾಗುತ್ತದೆ. ‘ರೆಡ್ ಫ್ಲ್ಯಾಗ್’ ಸಮರಾಭ್ಯಾಸ ನಡೆಯುವ ವಾರಗಳಲ್ಲಿ ಆ ಬೇಲಿಯ ಹೊರಗೆ, ಕಾರು ಓಟದ ದೊಡ್ಡ ಮೈದಾನದ ಆಸುಪಾಸಿನಲ್ಲಿ, ಮಧ್ಯಾಹ್ನಕ್ಕೆ ಮೊದಲೇ ವಾಹನಗಳು ಬಂದು ಸಾಲಾಗಿ ನಿಲ್ಲುತ್ತವೆ. ಉದ್ದ ಲೆನ್ಸಿನ ಕ್ಯಾಮೆರಾ, ಮಡಚುವ ಏಣಿ, ಫ್ಲಾಸ್ಕಿನಲ್ಲಿ ಕಾಫಿ, ನಿಯಂತ್ರಣ ಗೋಪುರದ ಮಾತುಗಳನ್ನು ಹಿಡಿಯುವ ಸಣ್ಣ ರೇಡಿಯೋ, ಇಷ್ಟನ್ನು ಹೊತ್ತು ದೂರದೇಶಗಳಿಂದ ಬಂದವರೂ ಅಲ್ಲಿದ್ದರು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ರನ್‌ವೇಯ ತುದಿಯ ಮೇಲಿತ್ತು.

ನನ್ನ ಜೊತೆಗಿದ್ದವರು ಅಕ್ಕನ ಗಂಡ. ಭಾವ ನಮ್ಮ ವಾಯುಪಡೆಯ ರಾಡಾರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರ ಮಗಳು ಲಾಸ್ ವೇಗಸ್‌ಗೆ ಅಂಟಿಕೊಂಡಿರುವ ಹೆಂಡರ್ಸನ್‌ನಲ್ಲಿ ನೆಲೆಸಿದ್ದಾಳೆ. ಗ್ರ್ಯಾಂಡ್ ಕ್ಯಾನಿಯನ್ ನೋಡಿದ್ದಾಯಿತು, ಹೂವರ್ ಅಣೆಕಟ್ಟೆಯನ್ನೂ ನೋಡಿದ್ದಾಯಿತು, ಇನ್ನು ನಾನು ಹೇಳಿದ ಕಡೆ ಬನ್ನಿ ಎಂದು ಭಾವನೇ ಹೊರಡಿಸಿದ್ದು. ಚಳಿಗಾಲದ ಬಿಸಿಲು ಹಿತವಾಗಿತ್ತು, ಪಶ್ಚಿಮದ ಬೆಟ್ಟಗಳ ತಲೆಯ ಮೇಲೆ ಹಿಮವಿತ್ತು.

ಮೊದಲು ಮೇಲೇರಿದವು ದೊಡ್ಡ ವಿಮಾನಗಳು. ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್‌ಗಳು, ಬೆನ್ನ ಮೇಲೆ ತಟ್ಟೆಯಾಕಾರದ ರಾಡಾರ್ ಹೊತ್ತ ಅವಾಕ್ಸ್ ವಿಮಾನ. ಇವು ಮುಂಚೆ ಹೋಗಿ ತಮ್ಮ ಜಾಗ ಹಿಡಿದು ಸುತ್ತುತ್ತಿರಬೇಕು, ಹೋರಾಡುವವರು ಆಮೇಲೆ ಬರುತ್ತಾರೆ ಎಂದು ಭಾವ ವಿವರಿಸಿದರು. ಸ್ವಲ್ಪ ಹೊತ್ತಿಗೆ ಯುದ್ಧವಿಮಾನಗಳ ಸರದಿ ಶುರುವಾಯಿತು. ಒಂದರ ಹಿಂದೆ ಒಂದು, ಸೆಕೆಂಡುಗಳ ಅಂತರದಲ್ಲಿ, ಎಂಜಿನ್ನಿನ ಹಿಂಭಾಗದಲ್ಲಿ ಉರಿ ಚಿಮ್ಮಿಸುತ್ತಾ ಏರುತ್ತಿದ್ದ ಅವುಗಳ ಸದ್ದು ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ ತಾಗುತ್ತಿತ್ತು.

ಆ ಸಾಲಿನಲ್ಲಿ ನನ್ನ ಕಣ್ಣು ನೆಟ್ಟದ್ದು ಕೆಲವು ಎಫ್-16 ವಿಮಾನಗಳ ಮೇಲೆ. ಅಮೆರಿಕದ ವಾಯುಪಡೆಯ ಉಳಿದ ಎಫ್-16ಗಳಿಗೆ ಸಾದಾ ಬೂದು ಬಣ್ಣವಿದ್ದರೆ ಇವುಗಳ ಮೈಮೇಲೆ ರಷ್ಯಾದ ವಿಮಾನಗಳನ್ನು ಹೋಲುವ ನೀಲಿ ಛಾಯೆಗಳ ಪಟ್ಟೆಗಳಿದ್ದವು. ಮೂತಿಯ ಬದಿಯಲ್ಲಿ ಸೋವಿಯತ್ ಪದ್ಧತಿಯಂತೆ ಎರಡಂಕಿಯ ಕೆಂಪು ಸಂಖ್ಯೆ, ಬಾಲದ ಮೇಲೆ ನೆಲ್ಲಿಸ್‌ನ ಗುರುತಾದ ‘ಡಬ್ಲ್ಯುಎ’ ಅಕ್ಷರಗಳು. ರೆಕ್ಕೆಯ ಕೆಳಗಿನ ಕ್ಷಿಪಣಿಗೆ ನೀಲಿ ಪಟ್ಟಿ ಬಳಿದಿತ್ತು. ಅದರಲ್ಲಿ ಸಿಡಿತಲೆಯೂ ಇಲ್ಲ, ಹಾರಿಸುವ ಮೋಟಾರೂ ಇಲ್ಲ, ಗುರಿಯನ್ನು ಹುಡುಕುವ ಕಣ್ಣೊಂದು ಮಾತ್ರ ಇದೆ ಎಂಬುದಕ್ಕೆ ಆ ನೀಲಿಯೇ ಸೂಚನೆ. ಇನ್ನೊಂದು ರೆಕ್ಕೆಯ ತುದಿಯಲ್ಲಿ ಕ್ಷಿಪಣಿಯಂತೆಯೇ ಕಾಣುವ ಕೊಳವೆಯೊಂದಿತ್ತು. ವಿಮಾನ ಯಾವ ಕ್ಷಣದಲ್ಲಿ ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಯಾವ ಕಡೆ ಹೊರಳಿತು ಎಂಬುದನ್ನೆಲ್ಲ ಕಳುಹಿಸುತ್ತಲೇ ಇರುವ ಸಾಧನ ಅದು. ಇವು 64ನೇ ಅಗ್ರೆಸರ್ ಸ್ಕ್ವಾಡ್ರನ್ನಿನ ವಿಮಾನಗಳು. ಶತ್ರುವಿನಂತೆ ಹಾರುವುದು, ಶತ್ರುವಿನ ತಂತ್ರಗಳಿಂದಲೇ ಹೋರಾಡುವುದು ಇವರ ಪೂರ್ಣಾವಧಿಯ ವೃತ್ತಿ.

ಸ್ವಂತ ಸೈನ್ಯದೊಳಗೇ ಒಬ್ಬ ಸಮರ್ಥ ಶತ್ರುವನ್ನು ಸಾಕಿಕೊಳ್ಳುವ ಈ ಆಲೋಚನೆ ಹುಟ್ಟಿದ್ದು ಸೋಲಿನ ನೋವಿನಲ್ಲಿ. ವಿಯೆಟ್ನಾಂನಲ್ಲಿ ಅಮೆರಿಕದ ಪೈಲಟ್‌ಗಳು ಹಾರಿಸುತ್ತಿದ್ದ ಎಫ್-4 ಫ್ಯಾಂಟಮ್ ಭಾರೀ ಗಾತ್ರದ, ಹೊಗೆಯುಗುಳುವ ವಿಮಾನ. ಅವರು ಅಭ್ಯಾಸ ಮಾಡುತ್ತಿದ್ದುದು ಅಂಥದ್ದೇ ಇನ್ನೊಂದು ಫ್ಯಾಂಟಮ್ಮಿನ ಎದುರು. ಯುದ್ಧದಲ್ಲಿ ಎದುರಾದದ್ದಾದರೋ ಪುಟ್ಟದಾದ, ಚುರುಕಾಗಿ ತಿರುಗುವ, ಕಣ್ಣಿಗೇ ಬೀಳದ ಮಿಗ್-17 ಮತ್ತು ಮಿಗ್-21. ಆ ಕಾಳಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ‘ರೆಡ್ ಬ್ಯಾರನ್’ ಎಂಬ ಅಧ್ಯಯನವು, ಉರುಳಿಬಿದ್ದ ಪೈಲಟ್‌ಗಳಲ್ಲಿ ಬಹುಮಂದಿಗೆ ತಮ್ಮ ಮೇಲೆ ದಾಳಿಯಾಗುತ್ತಿದೆ ಎಂಬ ಅರಿವೇ ಸಕಾಲದಲ್ಲಿ ಇರಲಿಲ್ಲವೆಂದು ತೋರಿಸಿತು. ಇದರ ಜೊತೆಗೆ ಇನ್ನೊಂದು ಸಂಗತಿಯೂ ಸ್ಪಷ್ಟವಾಗಿತ್ತು: ಮೊದಲ ಹತ್ತು ಯುದ್ಧ ಹಾರಾಟಗಳನ್ನು ದಾಟಿ ಬಂದ ಪೈಲಟ್ ಬದುಕುಳಿಯುವ ಸಾಧ್ಯತೆ ಒಮ್ಮೆಲೇ ಏರುತ್ತದೆ.

ಹಾಗಿದ್ದರೆ ಆ ಹತ್ತು ಹಾರಾಟಗಳನ್ನು ಯುದ್ಧಕ್ಕೆ ಮೊದಲೇ, ಸಾವಿಲ್ಲದ ಜಾಗದಲ್ಲಿ ಮುಗಿಸಿಬಿಡೋಣ ಎಂದು ಯೋಚಿಸಿದವರು ರಿಚರ್ಡ್ ಸೂಟರ್ ಎಂಬ ಅಧಿಕಾರಿ. ಜನರಲ್ ರಾಬರ್ಟ್ ಡಿಕ್ಸನ್ ಅದಕ್ಕೆ ಒಪ್ಪಿಗೆ ಕೊಟ್ಟರು, 1975ರ ನವೆಂಬರಿನಲ್ಲಿ ಮೊದಲ ರೆಡ್ ಫ್ಲ್ಯಾಗ್ ಇದೇ ನೆಲ್ಲಿಸ್‌ನಲ್ಲಿ ನಡೆಯಿತು. ಗಾತ್ರದಲ್ಲಿ ಮಿಗ್-21ಕ್ಕೆ ಹತ್ತಿರವಿದ್ದ ಎಫ್-5 ವಿಮಾನಗಳು ಅಗ್ರೆಸರ್‌ಗಳ ಕೈಸೇರಿದವು. ಅದಕ್ಕೂ ಮೊದಲೇ, 1969ರಲ್ಲಿ, ಅಮೆರಿಕದ ನೌಕಾಪಡೆ ಕ್ಯಾಲಿಫೋರ್ನಿಯಾದ ಮಿರಮಾರ್‌ನಲ್ಲಿ ‘ಟಾಪ್‌ಗನ್’ ಶಾಲೆಯನ್ನು ತೆರೆದು ಇದೇ ದಾರಿಯಲ್ಲಿ ನಡೆದಿತ್ತು. ಒಂದು ದೊಡ್ಡ ಸೈನ್ಯ ತನ್ನ ತರಬೇತಿಯೇ ಸುಳ್ಳಾಗಿತ್ತು ಎಂದು ಬರೆದಿಟ್ಟು, ಅದನ್ನು ಬುಡದಿಂದ ತಿದ್ದಿಕೊಂಡಿತಲ್ಲ, ಇಡೀ ಕಥೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಅದೇ.

ಮೇಲೇರಿದ ವಿಮಾನಗಳು ಹೋಗುವ ಜಾಗವನ್ನು ನೋಡಲು ನಾವು ಮರುದಿನ ನಸುಕಿನಲ್ಲೇ ಹೊರಟೆವು. ಹೆದ್ದಾರಿ 93ರಲ್ಲಿ ಉತ್ತರಕ್ಕೆ ಹೋದಂತೆ ಊರುಗಳು ಮುಗಿದುಹೋಗುತ್ತವೆ. ಎರಡೂ ಬದಿಗೆ ಬೋಳು ಬೆಟ್ಟಗಳ ಸಾಲು, ನಡುವೆ ಚಪ್ಪಟೆ ಕಣಿವೆ, ಮತ್ತೆ ಬೆಟ್ಟ, ಮತ್ತೆ ಕಣಿವೆ. ಪಹ್ರನಾಗಟ್ ಎಂಬಲ್ಲಿ ಇದ್ದಕ್ಕಿದ್ದಂತೆ ನೀರು, ಜೊಂಡು, ಬಾತುಕೋಳಿಗಳು ಕಾಣಿಸಿಕೊಂಡು ಕಣ್ಣು ತಂಪಾಯಿತು. ಆಶ್ ಸ್ಪ್ರಿಂಗ್ಸ್ ಹತ್ತಿರ ಪೆಟ್ರೋಲ್ ತುಂಬಿಸಿ, ಹೆದ್ದಾರಿ 375ಕ್ಕೆ ಎಡಕ್ಕೆ ಹೊರಳಿದೆವು. ಹಾರುವ ತಟ್ಟೆಗಳನ್ನು ಅರಸಿ ಬರುವವರಿಗಾಗಿ ಈ ರಸ್ತೆಗೆ 1996ರಲ್ಲಿ ಅನ್ಯಗ್ರಹದವರ ಹೆಸರನ್ನೇ ಇಟ್ಟಿದ್ದಾರೆ. ಬೆಟ್ಟಗಳ ಆಚೆ ಇರುವ ಗ್ರೂಮ್ ಲೇಕ್ ಎಂಬ ಗುಪ್ತ ನೆಲೆಯೇ ಅದಕ್ಕೆ ಕಾರಣ. ನಮಗೆ ಬೇಕಿದ್ದದ್ದು ಅದಲ್ಲವಾದ್ದರಿಂದ ಎಲ್ಲಿಯೂ ನಿಲ್ಲದೆ ಹ್ಯಾನ್‌ಕಾಕ್ ಘಟ್ಟವನ್ನು ಹತ್ತಿ ಇಳಿದು, ಜೋಶುವಾ ಮರಗಳು ತೋಳೆತ್ತಿ ನಿಂತಿದ್ದ ಟಿಕಾಬೂ ಕಣಿವೆಯನ್ನು ದಾಟಿ, ರೇಚಲ್ ಎಂಬ ಪುಟ್ಟ ಹಳ್ಳಿಗೆ ಮುಂಚೆ ಸಿಗುವ ಕಯೋಟಿ ಸಮಿಟ್ ಎಂಬ ದಿಣ್ಣೆಯ ಮೇಲೆ ಕಾರು ನಿಲ್ಲಿಸಿದೆವು. ಬೇಲಿಯಿಲ್ಲದ ಬಯಲಾದ್ದರಿಂದ ದನಗಳು ರಸ್ತೆಯ ಮೇಲೇ ನಿಂತಿರುತ್ತವೆ, ನಿಧಾನವಾಗಿಯೇ ಓಡಿಸಬೇಕು.

ನೆಲ್ಲಿಸ್‌ಗೆ ಸೇರಿದ ಅಭ್ಯಾಸ ಕ್ಷೇತ್ರದ ನೆಲವೇ ಸುಮಾರು 12,000 ಚದರ ಕಿಲೋಮೀಟರ್. ನಮ್ಮ ಶಿವಮೊಗ್ಗ ಮತ್ತು ಉಡುಪಿ ಜಿಲ್ಲೆಗಳನ್ನು ಕೂಡಿಸಿದಷ್ಟು ದೊಡ್ಡದು. ಅದರ ಮೇಲಿನ ಹಾಗೂ ಪಕ್ಕದ ಬಳಕೆಯ ಆಕಾಶ ಇನ್ನೂ ವಿಶಾಲ. ತರಬೇತಿಗೆ ಬಂದವರ ‘ನೀಲಿ’ ಪಡೆ ಪೂರ್ವದಲ್ಲಿ, ಯೂಟಾ ರಾಜ್ಯದ ಗಡಿಯ ಕಡೆ, ಟ್ಯಾಂಕರ್‌ಗಳಿಂದ ಇಂಧನ ಪಡೆದು ಒಗ್ಗೂಡಿ ಪಶ್ಚಿಮಕ್ಕೆ ನುಗ್ಗುತ್ತದೆ. ಶತ್ರುವಿನ ಪಾತ್ರ ವಹಿಸುವ ಅಗ್ರೆಸರ್‌ಗಳ ‘ಕೆಂಪು’ ಪಡೆ ಪಶ್ಚಿಮದಲ್ಲಿ ಕಾದಿರುತ್ತದೆ. ನೆಲದ ಮೇಲೆ ಹುಸಿ ವಿಮಾನ ನಿಲ್ದಾಣ, ಟ್ಯಾಂಕ್‌ಗಳ ಸಾಲು, ವಾಹನ ಪಡೆ ಮುಂತಾದ ಗುರಿಗಳಿವೆ. ಅವುಗಳ ಸುತ್ತ ಶತ್ರುವಿನ ಕ್ಷಿಪಣಿ ರಾಡಾರ್‌ಗಳ ತರಂಗಗಳನ್ನೇ ಹೊಮ್ಮಿಸುವ ಯಂತ್ರಗಳಿದ್ದು, ಅವು ವಿಮಾನವನ್ನು ಹಿಡಿದೊಡನೆ ಕಾಕ್‌ಪಿಟ್ಟಿನಲ್ಲಿ ನಿಜವಾದ ಎಚ್ಚರಿಕೆಯೇ ಮೊಳಗುತ್ತದೆ. ಕ್ಷಿಪಣಿ ನೆಲಬಿಟ್ಟಂತೆ ಕಾಣಲು ‘ಸ್ಮೋಕಿ ಸ್ಯಾಮ್’ ಎಂಬ ಹಗುರವಾದ ಸಣ್ಣ ರಾಕೆಟ್ ಇದೆ. ಅದರ ಬಿಳಿ ಹೊಗೆ ನೇರವಾಗಿ ಮೇಲೇಳುವುದನ್ನು ಕಂಡ ಪೈಲಟ್ ಯೋಚಿಸದೆ ತಪ್ಪಿಸಿಕೊಳ್ಳುವಂತಾಗಬೇಕು ಎಂಬುದೇ ಉದ್ದೇಶ. ಗ್ರೂಮ್ ಲೇಕ್ ಮೇಲಿನ ಚೌಕಾಕಾರದ ಆಕಾಶಕ್ಕೆ ಮಾತ್ರ ಈ ಅಭ್ಯಾಸದಲ್ಲಿ ತೊಡಗಿದವರೂ ಕಾಲಿಡುವಂತಿಲ್ಲ.

ದಿಣ್ಣೆಯ ಮೇಲೆ ಬಹಳ ಹೊತ್ತು ಗಾಳಿಯ ಸದ್ದಷ್ಟೇ ಇತ್ತು. ಮೊದಲು ಕಂಡದ್ದು ತುಂಬ ಎತ್ತರದಲ್ಲಿ ಬಿಳಿ ಗೆರೆಗಳು. ಪೂರ್ವದಿಂದ ಬಂದ ಗೆರೆಗಳು ಅರ್ಧ ದಾರಿಯಲ್ಲಿ ಬಾಗಿ, ಎದುರಿನ ಗೆರೆಗಳೊಡನೆ ಹೆಣೆದುಕೊಂಡವು. ಆಮೇಲೆ ‘ಢಂ, ಢಂ’ ಎಂಬ ಎರಡು ಹೊಡೆತ, ಕಾರಿನ ಗಾಜು ಅದುರಿತು. ಶಬ್ದದ ವೇಗವನ್ನು ಮೀರಿದ ವಿಮಾನವೊಂದು ಎಲ್ಲೋ ದಾಟಿಹೋಗಿತ್ತು, ಎಲ್ಲಿ ಎಂಬುದು ಮಾತ್ರ ನಮಗೆ ತಿಳಿಯಲಿಲ್ಲ. ದಕ್ಷಿಣದ ಬೆಟ್ಟಸಾಲಿನ ಮೇಲೆ ಕಿತ್ತಳೆ ಬಣ್ಣದ ಕಿಡಿಗಳು ಒಂದರ ಹಿಂದೊಂದು ಉದುರಿದಾಗ, ಶಾಖವನ್ನು ಬೆನ್ನಟ್ಟುವ ಕ್ಷಿಪಣಿಯ ದಾರಿ ತಪ್ಪಿಸಲು ಯಾರೋ ಫ್ಲೇರ್ ಬಿಡುತ್ತಿದ್ದಾರೆ ಎಂದು ಭಾವ ಬೆರಳು ಮಾಡಿ ತೋರಿಸಿದರು. ಅಷ್ಟರಲ್ಲಿ ನಾಲ್ಕು ವಿಮಾನಗಳು ಕಣಿವೆಯ ತಗ್ಗಿನಲ್ಲಿ, ನಾವು ನಿಂತ ಎತ್ತರಕ್ಕಿಂತ ಹೆಚ್ಚೇನೂ ಮೇಲಲ್ಲದ ಮಟ್ಟದಲ್ಲಿ ಬಂದು, ಬೆಟ್ಟದ ಸಂದಿನಲ್ಲಿ ಮಾಯವಾದವು. ಅವುಗಳ ಸದ್ದು ಬಂದದ್ದು ಅವು ಹೋದ ಮೇಲೆ.

“ನೋಡಿದಿರಾ, ನಮಗೆ ಇವರು ಕಾಣೋದೇ ಇಷ್ಟು ಕಷ್ಟ. ಒಳಗೆ ಕೂತವನಿಗೆ ಎದುರಾಳಿ ಕಾಣಬೇಕು, ತನ್ನ ಜೊತೆಯವನು ಎಲ್ಲಿದ್ದಾನೆ ಗೊತ್ತಿರಬೇಕು, ಪೆಟ್ರೋಲ್ ಲೆಕ್ಕ ಇರಬೇಕು, ಕಿವಿಯಲ್ಲಿ ನಾಲ್ಕು ಜನ ಮಾತಾಡ್ತಿರಬೇಕಾದರೆ ಯಾರದ್ದು ಮುಖ್ಯ ಅಂತ ಆರಿಸಬೇಕು,” ಎಂದರು ಭಾವ. ಮೊದಲ ಹತ್ತು ಹಾರಾಟಗಳಲ್ಲಿ ಕೊಲ್ಲುವುದು ಈ ಗೊಂದಲವೇ ಎಂಬುದು ಅವರ ಅಭಿಪ್ರಾಯ. ರಾಡಾರ್ ಪರದೆಯ ಮುಂದೆ ಕುಳಿತು ಅಂಥ ಧ್ವನಿಗಳನ್ನು ವರ್ಷಗಟ್ಟಲೆ ಕೇಳಿದವರ ಮಾತಿದು ಎಂದು ನಾನು ಮರುಮಾತಾಡಲಿಲ್ಲ.

ಇಲ್ಲಿ ಗುಂಡು ಹಾರದೆಯೇ ಸಾವು ನಿರ್ಧಾರವಾಗುತ್ತದೆ. ಪೈಲಟ್ ಕ್ಷಿಪಣಿ ಬಿಟ್ಟೆನೆಂದು ರೇಡಿಯೋದಲ್ಲಿ ಘೋಷಿಸುತ್ತಾನೆ. ದೂರ, ವೇಗ, ಕೋನಗಳನ್ನು ಲೆಕ್ಕಹಾಕಿ, ಅದು ತಾಗಿತೆಂದಾದರೆ ಎದುರಾಳಿಗೆ ‘ನೀನು ಸತ್ತೆ’ ಎಂಬ ಕರೆ ಹೋಗುತ್ತದೆ. ಸತ್ತ ಕೆಂಪು ವಿಮಾನ ಹಿಂದಿನ ಗೊತ್ತಾದ ಜಾಗಕ್ಕೆ ಹೋಗಿ ಬಂದು ಹೊಸ ಶತ್ರುವಾಗಿ ಮತ್ತೆ ಕಣಕ್ಕಿಳಿಯುತ್ತದೆ, ನಮ್ಮ ಕಬಡ್ಡಿಯಲ್ಲಿ ಔಟಾದವನು ಜೀವ ಪಡೆದು ಅಂಗಳಕ್ಕೆ ಮರಳುವ ಹಾಗೆ. ಇದರಿಂದ ಸಣ್ಣ ಕೆಂಪು ಪಡೆಯೂ ನೀಲಿಯವರ ಪಾಲಿಗೆ ಮುಗಿಯದ ಸೈನ್ಯವಾಗುತ್ತದೆ.

ಆದರೆ ರೆಡ್ ಫ್ಲ್ಯಾಗಿನ ತಿರುಳು ನಮ್ಮಂಥವರಿಗೆ ಯಾವ ದಿಣ್ಣೆಯ ಮೇಲಿಂದಲೂ ಕಾಣುವುದಿಲ್ಲ. ಇಳಿದ ಮೇಲೆ ಎಲ್ಲ ಸಿಬ್ಬಂದಿಯೂ ಒಂದು ದೊಡ್ಡ ಸಭಾಂಗಣದಲ್ಲಿ ಸೇರುತ್ತಾರೆ. ರೆಕ್ಕೆಯ ತುದಿಯ ಕೊಳವೆಗಳು ಕಳುಹಿಸಿದ ಮಾಹಿತಿಯಿಂದ ಇಡೀ ಕಾಳಗವನ್ನು ಪರದೆಯ ಮೇಲೆ ಮತ್ತೆ ಓಡಿಸಿ, ಯಾರ ಹೊಡೆತ ನಿಜವಾಗಿಯೂ ತಾಗಿತು, ಯಾರು ತಮ್ಮವರನ್ನೇ ಹೊಡೆದರು, ಯೋಜನೆ ಎಲ್ಲಿ ಕುಸಿಯಿತು ಎಂದು ಪರಿಶೀಲಿಸುತ್ತಾರೆ. ಆ ದಿನದ ದಾಳಿಯ ನಾಯಕತ್ವ ವಹಿಸಿದವನು ಸಾಮಾನ್ಯವಾಗಿ ಕಿರಿಯ ದರ್ಜೆಯ ಅಧಿಕಾರಿ. ಹಿಂದಿನ ದಿನವೆಲ್ಲ ಕುಳಿತು ಯೋಜಿಸಿದ ಅವನು ತನಗಿಂತ ಹಿರಿಯರೆದುರು ನಿಂತು ತನ್ನ ನಿರ್ಧಾರಗಳ ದೋಷಗಳನ್ನು ತಾನೇ ಹೇಳಬೇಕು. ಅಲ್ಲಿ ಭುಜದ ಮೇಲಿನ ಪಟ್ಟಿಗೆ ಬೆಲೆಯಿಲ್ಲ. ವಿಮಾನಗಳನ್ನು ದುಡ್ಡಿದ್ದವರೆಲ್ಲ ಕೊಳ್ಳಬಹುದು. ಕಿರಿಯನೊಬ್ಬ ಎದ್ದುನಿಂತು ಹಿರಿಯನ ತಪ್ಪನ್ನು ಹೇಳುವ, ಹಿರಿಯ ಅದನ್ನು ಬರೆದುಕೊಳ್ಳುವ ಕೋಣೆಯನ್ನು ಕಟ್ಟುವುದೇ ಕಷ್ಟ ಎಂದು ನನಗನ್ನಿಸುತ್ತದೆ.

ನೈಜತೆಗೆ ಬೆಲೆ ತೆರದೆ ಗತಿಯಿಲ್ಲ ಎಂಬುದನ್ನೂ ಮರೆಯಬಾರದು. 1979ರಿಂದ 1988ರವರೆಗೆ ಇದೇ ಕ್ಷೇತ್ರದ ಟೊನೋಪಾದಲ್ಲಿ ಅಮೆರಿಕನ್ನರು ನಿಜವಾದ ಮಿಗ್ ವಿಮಾನಗಳನ್ನೇ ಗುಟ್ಟಾಗಿ ಹಾರಿಸಿ ತಮ್ಮ ಪೈಲಟ್‌ಗಳಿಗೆ ತೋರಿಸುತ್ತಿದ್ದರು. ಆ ಗುಟ್ಟು ಅಧಿಕೃತವಾಗಿ ಹೊರಬಂದದ್ದು 2006ರಲ್ಲಿ. ಹಾಗೆ ಗುಟ್ಟಾಗಿ ಹಾರಿಸುತ್ತಿದ್ದ ಒಂದು ಮಿಗ್-23ರಲ್ಲಿ 1984ರ ಏಪ್ರಿಲಿನಲ್ಲಿ ಲೆಫ್ಟಿನೆಂಟ್ ಜನರಲ್ ರಾಬರ್ಟ್ ಬಾಂಡ್ ಪ್ರಾಣ ಕಳೆದುಕೊಂಡರು. 2018ರ ಜನವರಿಯಲ್ಲಿ, ರೆಡ್ ಫ್ಲ್ಯಾಗಿಗೆ ಬಂದಿದ್ದ ಆಸ್ಟ್ರೇಲಿಯಾದ ಗ್ರೌಲರ್ ವಿಮಾನವೊಂದು ನೆಲ್ಲಿಸ್‌ನ ರನ್‌ವೇಯಲ್ಲೇ ಬೆಂಕಿಗೆ ತುತ್ತಾಯಿತು, ಸಿಬ್ಬಂದಿ ಪಾರಾದರು. ಆದ್ದರಿಂದಲೇ ನಿಯಮಗಳು ಬಿಗಿಯಾಗಿವೆ: ವಿಮಾನಗಳ ನಡುವೆ ಕನಿಷ್ಠ ಅಂತರ ಇರಲೇಬೇಕು, ಅಪಾಯ ಕಂಡ ಯಾರೇ ಆಗಲಿ ‘ನಾಕ್ ಇಟ್ ಆಫ್’ ಎಂದೊಡನೆ ಎಲ್ಲರೂ ಕಾಳಗ ನಿಲ್ಲಿಸಬೇಕು.

ಭಾವನಿಗೆ ಈ ಜಾಗದ ಮೇಲೆ ವಿಶೇಷ ಮಮತೆ ಇರಲು ಕಾರಣವಿದೆ. 2008ರ ಆಗಸ್ಟಿನಲ್ಲಿ ನಮ್ಮ ವಾಯುಪಡೆ ಎಂಟು ಸುಖೋಯ್-30, ಎರಡು ಐಎಲ್-78 ಟ್ಯಾಂಕರ್, ಒಂದು ಐಎಲ್-76 ಸಾಗಣೆ ವಿಮಾನದೊಡನೆ ಭೂಗೋಳದ ಅರ್ಧ ಸುತ್ತಿ ಬಂದು ಇದೇ ನೆಲ್ಲಿಸ್‌ನಲ್ಲಿ ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದವರ ಜೊತೆ ಹಾರಿತ್ತು. 2016ರಲ್ಲಿ ಅಲಾಸ್ಕಾದ ಐಲ್ಸನ್‌ನಲ್ಲಿ ನಡೆದ ರೆಡ್ ಫ್ಲ್ಯಾಗಿಗೆ ಸುಖೋಯ್‌ಗಳ ಜೊತೆ ನಾಲ್ಕು ಜಾಗ್ವಾರ್‌ಗಳೂ ಹೋದವು. ಜಾಗ್ವಾರ್ ಎಂದರೆ ಬೆಂಗಳೂರಿನ ಎಚ್‌ಎಎಲ್ ವರ್ಷಾನುಗಟ್ಟಲೆ ಕಟ್ಟಿದ ವಿಮಾನ. 2024ರ ಜೂನ್‌ನಲ್ಲಿ ಅಲಾಸ್ಕಾಕ್ಕೆ ನಮ್ಮ ರಫೇಲ್‌ಗಳು ಹೋದವು. ಅದೇ ವರ್ಷ ಸೂಲೂರು ಮತ್ತು ಜೋಧ್‌ಪುರಗಳಲ್ಲಿ ‘ತರಂಗ್ ಶಕ್ತಿ’ ನಡೆದು, ಹಲವು ದೇಶಗಳ ವಾಯುಪಡೆಗಳು ನಮ್ಮಲ್ಲಿಗೇ ಬಂದವು. ಗ್ವಾಲಿಯರ್‌ನಲ್ಲಿರುವ ನಮ್ಮ ವಾಯುಯುದ್ಧ ತಂತ್ರಗಳ ಸಂಸ್ಥೆ ಟ್ಯಾಕ್‌ಡಿ ಸ್ಥಾಪನೆಯಾದದ್ದು 1971ರಲ್ಲಿ, ಎಂದರೆ ರೆಡ್ ಫ್ಲ್ಯಾಗಿಗಿಂತ ಮೊದಲು. ಯಲಹಂಕದ ಪ್ರದರ್ಶನಕ್ಕೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುವ ನಮ್ಮ ಜನ ಈ ಅಭ್ಯಾಸಗಳ ಸುದ್ದಿಯನ್ನೂ ಅಷ್ಟೇ ಆಸಕ್ತಿಯಿಂದ ಓದಬೇಕು. ಪೈಲಟ್‌ಗಳ ಜೀವ ಉಳಿಸುವ ಕೆಲಸ ನಡೆಯುವುದು ಇಲ್ಲಿ.

ಹೋಗಬಯಸುವವರಿಗೆ ಒಂದೆರಡು ಮಾತು. ರೆಡ್ ಫ್ಲ್ಯಾಗ್ ನಡೆಯುವ ವಾರಗಳಲ್ಲಿ ವಿಮಾನಗಳ ಸದ್ದು ಹೆಚ್ಚಿರುತ್ತದೆ ಎಂದು ನೆಲ್ಲಿಸ್‌ನವರು ಊರವರಿಗೆ ಮೊದಲೇ ತಿಳಿಸುತ್ತಾರೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿಕೊಳ್ಳಿ. ರೇಚಲ್ ಕಡೆಗೆ ಹೋಗುವುದಾದರೆ ಆಶ್ ಸ್ಪ್ರಿಂಗ್ಸ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಕುಡಿಯುವ ನೀರು ಧಾರಾಳವಾಗಿರಲಿ. ಹೆದ್ದಾರಿಯಿಂದ ಒಳಕ್ಕೆ ಹೋಗುವ ಮಣ್ಣುದಾರಿಗಳಲ್ಲಿ ಎಚ್ಚರಿಕೆಯ ಫಲಕ ಕಂಡೊಡನೆ ಹಿಂದಿರುಗಿ. ಮೊದಲು ಬೇಲಿಯ ಬಳಿ ಒಂದು ಮಧ್ಯಾಹ್ನ ನಿಂತು ಪ್ರತಿ ವಿಮಾನದ ಆಕಾರ, ಬಣ್ಣ, ಸದ್ದುಗಳನ್ನು ಚೆನ್ನಾಗಿ ಗುರುತಿಸಿಕೊಂಡು ಆಮೇಲೆ ದಿಣ್ಣೆಗೆ ಹೋಗಿ, ಏಕೆಂದರೆ ಹತ್ತಿರದಿಂದ ಅವನ್ನು ಕಂಡವರಿಗಷ್ಟೇ ಕಯೋಟಿ ಸಮಿಟ್‌ನ ಆಕಾಶದಲ್ಲಿ ಚುಕ್ಕೆಯಷ್ಟಾಗಿ ಬರುವುದು ನೀಲಿಯೋ ಕೆಂಪೋ ತಿಳಿಯುತ್ತದೆ.