ಅಗ್ಗದ ವಿದ್ಯುತ್ತು, ನಿದ್ದೆಯ ಹೊತ್ತು

ರಾತ್ರಿಯ ದರ ಕಡಿಮೆಯಿರುವ ಕಡೆ ಬಟ್ಟೆ ಒಣಗಿಸುವ ಯಂತ್ರವನ್ನು ಮಲಗುವ ಮುನ್ನ ಚಾಲೂ ಮಾಡಿಬಿಡುವ ಆಸೆ ಸಹಜವೇ. ಆದರೆ ಅದರ ಜಾಲರಿಯಲ್ಲಿ ಕಟ್ಟಿಕೊಳ್ಳುವ ನೂಲಿನ ಧೂಳು ಸುಲಭವಾಗಿ ಹೊತ್ತಿಕೊಳ್ಳುವಂಥದ್ದು, ಹೊಗೆಯೆದ್ದರೂ ಆ ಹೊತ್ತಿನಲ್ಲಿ ಎಚ್ಚರವಿರುವವರು ಯಾರೂ ಇರುವುದಿಲ್ಲ. ಅಂಥ ಉಳಿತಾಯ ನನಗಂತೂ ಬೇಡ.

ಒಂದೇ ಕೋಣೆ ಬೆಚ್ಚಗಿದ್ದರೆ ಸಾಕೆಂದು ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವುದು ಇನ್ನೂ ಅಪಾಯಕರ. 2000 ವ್ಯಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 6 ಆಂಪಿಯರ್‌ಗೆಂದು ಮಾಡಿದ ತಂತಿ ತಾಳಬಹುದಾದುದಕ್ಕಿಂತ ಇಮ್ಮಡಿ ಕಾಯುತ್ತದೆ. ಪ್ಲಗ್ಗಿನ ಪಿನ್ನಿನ ಸುತ್ತ ಕಂದು ಕಲೆ ಮೂಡಿದ್ದರೆ, ಸಾಕೆಟ್ಟಿನ ಹಿಡಿತ ಸಡಿಲಗೊಂಡು ಒಳಗೇ ಸುಡುತ್ತಿರಬಹುದಾದ್ದರಿಂದ ಎರಡನ್ನೂ ಬದಲಾಯಿಸಬೇಕು. ಇಷ್ಟಾಗಿಯೂ ಆ ಹೀಟರ್, ಬಿಡುವಿಲ್ಲದೆ ಉರಿದರೆ, ಗಂಟೆಗೆ 2 ಯೂನಿಟ್ ನುಂಗುತ್ತದೆ.