‘ಬರುವುದಿಲ್ಲ’ ಎಂದು ಬರೆದ ಹಾಳೆ

“ನಮ್ ಹುಡ್ಗಿಗೆ ಬರಲ್ಲ ಅಂತ ಬರ್ದೋರು ಯಾರು ಮೇಡಂ?”

ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ ಆ ತಾಯಿ ಎದ್ದು ನಿಂತು ಕೇಳಿದಾಗ ನನ್ನ ಪಕ್ಕದಲ್ಲಿದ್ದ ವಿದ್ಯಾರ್ಥಿನಿ ತಲೆ ತಗ್ಗಿಸಿದಳು. ಬರೆದದ್ದು ಅವಳು. ಹಾಳೆ ಮಾಡಿಕೊಟ್ಟವಳು ನಾನು.

ಚಳ್ಳಕೆರೆ ತಾಲ್ಲೂಕಿನಲ್ಲಿ ಪರಶುರಾಂಪುರದ ಕಡೆಯ ಒಂದು ಹಳ್ಳಿ. ಜೂನ್ ತಿಂಗಳು. ನಾನು ಡಿ.ಎಲ್.ಇಡಿ., ಅಂದರೆ ಪ್ರಾಥಮಿಕ ಶಾಲೆಯ ಶಿಕ್ಷಕರಾಗುವ ತರಬೇತಿ, ಓದುವವರಿಗೆ ಪಾಠ ಮಾಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತ ಎಂದಿತು. ಅಂದಮೇಲೆ ಒಂದನೇ ತರಗತಿಗೆ ಪಾಠ ಮಾಡಲು ಹೋಗುವವರು ಅಂಗನವಾಡಿಯನ್ನೂ ನೋಡಬೇಕು, ಅಲ್ವಾ? ಹತ್ತು ದಿನ ಮಕ್ಕಳ ಜೊತೆ ಇದ್ದು, ಕಂಡದ್ದನ್ನು ಬರೆದು, ಅದನ್ನು ಊರಿನವರ ಮುಂದೆಯೇ ಓದುವುದು ಎಂದುಕೊಂಡಿದ್ದೆವು. ಊರಿನ ಬಗ್ಗೆ ಬರೆದದ್ದನ್ನು ಊರಿಗೆ ತೋರಿಸದೆ ಕಾಲೇಜಿಗೆ ಹೊತ್ತುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ನಾಲ್ಕು ವರ್ಷದ ಆ ಹುಡುಗಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಮಣಿ ಸುರಿದು “ಬೇರೆ ಬೇರೆ ಮಾಡು” ಎಂದಿದ್ದೆವು. ಸುಮ್ನೆ ಕೂತಿದ್ದಳು. ಹಾಳೆಯಲ್ಲಿ ಬರೆದದ್ದು ಇಷ್ಟು: ‘ವಿಂಗಡಣೆ: ಬರುವುದಿಲ್ಲ. ಮಾತು: ತುಂಬ ಕಡಿಮೆ.’

“ಮನೆಗ್ ಬಂದು ನೋಡ್ರಿ” ಎಂದರು ತಾಯಿ. ಸಭೆ ಅಲ್ಲಿಗೇ ನಿಂತಿತು. ಹೋದೆವು.

ಅಂಗಳದಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದರು. ಅಜ್ಜಿಯ ಮಗ್ಗುಲಲ್ಲಿ ಹುಡುಗಿ. ಮುಂದೆ ಮೂರು ರಾಶಿ: ತುಂಬಿದ ಕಾಳು, ಸುಕ್ಕಿದ ಕಾಳು, ಒಡೆದ ಕಾಳು. ಒಂದೊಂದು ಕಾಳನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದಳು. “ಇದಿ ಮಂಚಿದಿ, ಇದಿ ತಾಲು” ಎಂದು ತೆಲುಗಿನಲ್ಲಿ ಬಿಡುವಿಲ್ಲದ ಮಾತು. ಇದು ಒಳ್ಳೆಯದು, ಇದು ಜೊಳ್ಳು. ಅಜ್ಜಿ ಮರೆತು ಮೇಲಿನ ತೆಳು ಸಿಪ್ಪೆ ಹೋದ ಕಾಳೊಂದನ್ನು ಬೀಜದ ರಾಶಿಗೆ ಹಾಕಿದರು. ಹುಡುಗಿ ಅದನ್ನು ಹೆಕ್ಕಿ ತೆಗೆದು ಅಜ್ಜಿಯನ್ನೇ ಗದರಿಸಿದಳು. ಏನಂದಳು ಎಂದು ಕೇಳಿದೆ. “ಇದು ಮೊಳೆಯಲ್ಲ, ಚಟ್ನಿಗೆ ಹಾಕು ಅಂತಾಳೆ” ಎಂದರು ತಾಯಿ.

ನನಗೆ ಮಾತೇ ಹೊರಡಲಿಲ್ಲ. ಮಣಿ ವಿಂಗಡಿಸಲು ಬಣ್ಣ ನೋಡಿದರೆ ಸಾಕು. ಇಲ್ಲಿ ಗಾತ್ರ ನೋಡಬೇಕು, ತುಂಬಿದೆಯೋ ನೋಡಬೇಕು, ಸಿಪ್ಪೆ ನೋಡಬೇಕು. ಯಾವುದು ಯಾತಕ್ಕೆ ಅನ್ನುವುದೂ ಗೊತ್ತಿರಬೇಕು. ಆಂಧ್ರದ ಗಡಿಗೆ ಹತ್ತಿರದ ಈ ಭಾಗದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಅದು ನನಗೆ ಗೊತ್ತಿತ್ತು. ಆದರೂ ನನ್ನ ಹಾಳೆಯಲ್ಲಿ ಮನೆಮಾತು ಯಾವುದು ಎಂದು ಕೇಳುವ ಒಂದು ಸಾಲೂ ಇರಲಿಲ್ಲ.

ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ಚಿಕ್ಕ ಮಕ್ಕಳ ಶಿಕ್ಷಣದ ಕೆಲಸ ಶುರು ಮಾಡಿದವರು. ಬಾಲವಾಡಿಗೆ ಬಾರದ ಮಕ್ಕಳಿದ್ದರೆ ಅವರ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳ ಇದೆ. ಇದನ್ನು ಪ್ರತಿವರ್ಷ ಪಾಠ ಮಾಡುತ್ತೇನೆ. ಮಗುವನ್ನು ನೋಡಲು ಅಂಗಳಕ್ಕೆ ಬಂದದ್ದು ಮಾತ್ರ ಅವತ್ತೇ, ಅದೂ ತಾಯಿ ಕರೆದ ಮೇಲೆ.

ವಿದ್ಯಾರ್ಥಿನಿ ಬರೆದದ್ದನ್ನು ಹೊಡೆದು ಹಾಕಲು ಪೆನ್ನು ತೆಗೆದಳು. ಬೇಡ ಅಂದೆ. ಅದು ಇರಲಿ, ಇವತ್ತು ಕಂಡದ್ದನ್ನು ಕೆಳಗೆ ಬರಿ. ಎಲ್ಲಿ, ಯಾರ ಜೊತೆ, ಯಾವ ಮಾತಿನಲ್ಲಿ, ಎಲ್ಲ ಬರಿ. ಅವಳು ಅಜ್ಜಿಯ ಪಕ್ಕ ಕೂತು ಸಂಜೆವರೆಗೆ ಶೇಂಗಾ ಸುಲಿದಳು. ಬರೆದದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಒಬ್ಬ ಟೀಚರ್‌ಗೆ ಇದಕ್ಕಿಂತ ಒಳ್ಳೆಯ ತರಬೇತಿಯನ್ನು ನಾನು ಕೊಟ್ಟಿಲ್ಲ.

ಅಂಗನವಾಡಿಗೂ ಶೇಂಗಾ ಬಂತು. ಚಿಕ್ಕ ಮಕ್ಕಳ ಗಂಟಲಿಗೆ ಕಾಳು ಸಿಕ್ಕೀತು ಎಂಬ ಭಯಕ್ಕೆ ಕಾಯಿಗಳನ್ನೇ ಇಟ್ಟು, ಟೀಚರ್ ಅಲ್ಲೇ ಕೂರುತ್ತಿದ್ದರು.

ಕೊನೆಯ ದಿನ ಮತ್ತೆ ಸಭೆ. ವಿದ್ಯಾರ್ಥಿನಿ ಹೊಸದಾಗಿ ಬರೆದದ್ದನ್ನು ಓದಿದಳು: “ಮಗು ಕಾಳುಗಳನ್ನು ಮೂರು ರಾಶಿ ಮಾಡುತ್ತಾಳೆ…”

ತಾಯಿ ಅಲ್ಲೇ ತಡೆದರು. “ಮೂರಲ್ಲವ್ವ, ನಾಲ್ಕು. ತೀರಾ ಸಣ್ಣವನ್ನ ಕೋಳಿಗೆ ಅಂತ ಹಿಂದಕ್ಕೆ ಹಾಕ್ತಾಳೆ, ನೀನು ನೋಡ್ಲಿಲ್ಲ.”

ಅವಳು ಪೆನ್ನು ತೆಗೆದು ತಿದ್ದಿಕೊಂಡಳು.